ಕೌಲುದಾರನಿಗೆ ಕಾಗದ ಕೊಟ್ಟ ಬೂರ್ಗುಲ ರಾಮಕೃಷ್ಣರಾವ್

ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ಹಳ್ಳಿಗಳಲ್ಲಿ ಹೊಲದ ತಕರಾರು ಎದ್ದರೆ ಹಿರಿಯರು ಎರಡು ಹಳೆ ಕಾಗದ ಕೇಳುತ್ತಾರೆ. ಒಂದು 1954-55ರ ಖಾಸ್ರಾ ಪಹಣಿ. ಇನ್ನೊಂದು ಪಿ.ಟಿ. ಪಟ್ಟಿ, ಅಂದರೆ ರಕ್ಷಿತ ಕೌಲುದಾರರ ಪಟ್ಟಿ. ಪಿ.ಟಿ. ಪಟ್ಟಿ ತಯಾರಾದಾಗ ಹೈದರಾಬಾದ್ ರಾಜ್ಯದ ಕಂದಾಯ ಮಂತ್ರಿಯಾಗಿದ್ದವರು, ಖಾಸ್ರಾ ಪಹಣಿ ಬರೆದಾಗ ಮುಖ್ಯಮಂತ್ರಿಯಾಗಿದ್ದವರು ಒಬ್ಬರೇ. ಅವರು ನಮ್ಮ ಪಾಲಮೂರು ಜಿಲ್ಲೆಯವರೇ ಆದ ಬೂರ್ಗುಲ ರಾಮಕೃಷ್ಣರಾವ್.

ಅವರು ಹುಟ್ಟಿದ್ದು 1899ರ ಮಾರ್ಚ್ 13ರಂದು, ಆಗಿನ ಮಹಬೂಬನಗರ ಜಿಲ್ಲೆಯ ಕಲ್ವಕುರ್ತಿ ಬಳಿಯ ಪಡಕಲ್ಲು ಗ್ರಾಮದಲ್ಲಿ. ಹಿರಿಯರ ಊರು ಶಾದನಗರ ಸಮೀಪದ ಬೂರ್ಗುಲ. ಆ ಊರಿನ ಹೆಸರೇ ಮನೆತನದ ಹೆಸರಾಯಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ., ಮುಂಬಯಿಯಲ್ಲಿ ಕಾನೂನು ಓದಿ ಹೈದರಾಬಾದಿನಲ್ಲಿ ವಕೀಲಿ ಶುರು ಮಾಡಿದರು. ತೆಲುಗು, ಉರ್ದು, ಮರಾಠಿ, ಫಾರ್ಸಿ, ಸಂಸ್ಕೃತ ಬಲ್ಲ ಪಂಡಿತರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ವಕೀಲಿ ಕಲಿತದ್ದು ಇವರ ಕೈಕೆಳಗೆ. 1931ರಲ್ಲಿ ದೇವರಕೊಂಡದಲ್ಲಿ ನಡೆದ ಆಂಧ್ರ ಮಹಾಸಭೆಗೆ ಅಧ್ಯಕ್ಷರಾದರು. ನಿಜಾಮರ ಆಳ್ವಿಕೆಯಲ್ಲಿ ಜೈಲನ್ನೂ ಕಂಡರು.

ಆ ಕಾಲದ ಹಳ್ಳಿಯ ಸ್ಥಿತಿ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಹೊಲ ದೇಶಮುಖನದು, ಜಾಗೀರದಾರನದು ಅಥವಾ ಗದ್ವಾಲದಂಥ ಸಂಸ್ಥಾನದ್ದು. ಉಳುವವನು ಕೌಲಿಗೋ ಪಾಲಿಗೋ ಹಿಡಿದು ಬೆವರು ಸುರಿಸಬೇಕು. ರಸೀದಿ ಇಲ್ಲ, ಕರಾರು ಪತ್ರ ಇಲ್ಲ. ಧಣಿಗೆ ಸಿಟ್ಟು ಬಂದರೆ ಮುಂದಿನ ಮುಂಗಾರಿಗೆ ಆ ಹೊಲದಲ್ಲಿ ಬೇರೆಯವನ ಕೂರಿಗೆ. 1946ರಿಂದ 1951ರವರೆಗೆ ತೆಲಂಗಾಣದಲ್ಲಿ ನಡೆದ ಸಶಸ್ತ್ರ ರೈತ ಹೋರಾಟಕ್ಕೆ ಇದೇ ಮೂಲ. ಆ ಹೋರಾಟದ ಬಿಸಿ ಇಲ್ಲದಿದ್ದರೆ ಸರಕಾರ ಇಷ್ಟು ಬೇಗ ಕಾನೂನು ತರುತ್ತಿರಲಿಲ್ಲ ಎಂಬುದು ಈ ಲೇಖಕನ ಅನಿಸಿಕೆ.

1950ರಲ್ಲಿ ಹೈದರಾಬಾದ್ ಕೌಲು ಮತ್ತು ಕೃಷಿ ಭೂಮಿ ಕಾಯ್ದೆ ಬಂತು. ಅದೇ ವರ್ಷ ವೆಲ್ಲೋಡಿ ಸರಕಾರದಲ್ಲಿ ಬೂರ್ಗುಲರು ಕಂದಾಯ ಮಂತ್ರಿಯಾದರು. ಕಾಯ್ದೆಯನ್ನು ಹಳ್ಳಿಗೆ ಮುಟ್ಟಿಸುವ ಕೆಲಸ ಅವರ ಹೆಗಲಿಗೆ ಬಿತ್ತು. ಕಾಯ್ದೆ ಹೇಳಿದ ಅವಧಿಯಲ್ಲಿ ಎಡೆಬಿಡದೆ ಆರು ವರ್ಷ ಉತ್ತವನು ರಕ್ಷಿತ ಕೌಲುದಾರ. ಅವನನ್ನು ಮನಸ್ಸಿಗೆ ಬಂದಂತೆ ಬಿಡಿಸುವಂತಿಲ್ಲ. ಅವನ ಹಕ್ಕು ಮಕ್ಕಳಿಗೂ ಬರುತ್ತದೆ. ಹೊಲ ಕೊಳ್ಳುವ ಅವಕಾಶವೂ ಅವನಿಗಿದೆ. ಅಲ್ಲಿಯವರೆಗೆ ಬಾಯಿಮಾತಿನಲ್ಲೇ ಬದುಕಿದ್ದವನ ಹೆಸರು ಸರಕಾರಿ ದಫ್ತರಿನಲ್ಲಿ ಬಂದದ್ದು ಸಣ್ಣ ಮಾತಲ್ಲ.

1952ರ ಚುನಾವಣೆಯಲ್ಲಿ ಶಾದನಗರದಿಂದ ಗೆದ್ದ ಬೂರ್ಗುಲರು ಹೈದರಾಬಾದ್ ರಾಜ್ಯದ ಮೊದಲ ಚುನಾಯಿತ ಮುಖ್ಯಮಂತ್ರಿಯಾದರು. ಆ ವರ್ಷವೇ ಮುಲ್ಕಿ ಚಳವಳಿ, ಗೋಲೀಬಾರು ನಡೆದವು. ಅದು ಬೇರೆಯದೇ ಕತೆ. 1954ರಲ್ಲಿ ಕೌಲು ಕಾಯ್ದೆಗೆ ತಿದ್ದುಪಡಿ ಬಂತು. ಅದೇ ವರ್ಷ ಬಾಡಿಗೆ ಮನೆಯವರಿಗೂ ಒಂದು ಕಾಯ್ದೆಯಾಯಿತು. ಅದು ಹೈದರಾಬಾದ್ ಮನೆಗಳ ಬಾಡಿಗೆ, ತೆರವು ಮತ್ತು ಲೀಸ್ ನಿಯಂತ್ರಣ ಕಾಯ್ದೆ. ಅದರ ಪ್ರಕಾರ ನ್ಯಾಯವಾದ ಬಾಡಿಗೆ ಎಷ್ಟೆಂದು ಕಂಟ್ರೋಲರ್ ಗೊತ್ತುಮಾಡಬಹುದಿತ್ತು. ಬಾಡಿಗೆ ಬಾಕಿ, ಮಾಲೀಕನಿಗೇ ಮನೆ ಬೇಕಾಗಿರುವುದು, ಇಂಥ ಕಾರಣ ತೋರಿಸಿ ಕಂಟ್ರೋಲರನ ಹುಕುಂ ಪಡೆದೇ ಮನೆ ಬಿಡಿಸಬೇಕಿತ್ತು. ಇದರ ಫಲ ಉಂಡವರು ಹೆಚ್ಚಾಗಿ ಪಟ್ಟಣದವರು. ನಮ್ಮ ಸಣ್ಣ ಊರುಗಳಲ್ಲಿ ಮನೆ ಬಾಡಿಗೆ ಇವತ್ತಿಗೂ ಬಹಳ ಕಡೆ ಬಾಯಿಮಾತಿನದೇ.

ಹೊಲದ ಕಾಯ್ದೆ ಎಷ್ಟು ಫಲ ಕೊಟ್ಟಿತು? ಅರ್ಥಶಾಸ್ತ್ರಜ್ಞ ಎ.ಎಂ. ಖುಸ್ರೊ ಹೈದರಾಬಾದ್ ರಾಜ್ಯದ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1958ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿದರೆ ಬೇಸರವಾಗುತ್ತದೆ. 1951ರಲ್ಲಿ ರಕ್ಷಿತರಾದ 100 ಕೌಲುದಾರರಲ್ಲಿ ನಾಲ್ಕು ವರ್ಷದ ಮೇಲೆ ಹಾಗೇ ಉಳಿದವರು ಸುಮಾರು 45. ಹೊಲ ಕೊಂಡು ಮಾಲೀಕರಾದವರು ಸುಮಾರು 12. ಕಾನೂನು ಮೀರಿ ಬಿಡಿಸಲ್ಪಟ್ಟವರು ಸುಮಾರು 22. ತಾವೇ ಒಪ್ಪಿ ಬಿಟ್ಟುಕೊಟ್ಟರೆಂದು ಬರೆಸಿದವರು ಸುಮಾರು 17. ಹೊಟ್ಟೆಗೆ ಕೊಡುವ ಹೊಲವನ್ನು ಯಾರು ಸಂತೋಷದಿಂದ ಬಿಡುತ್ತಾರೆ? ಸಾಲ ಧಣಿಯ ಕೈಯಲ್ಲಿ, ಪಟ್ವಾರಿಯ ಲೇಖಣಿಯೂ ಹೆಚ್ಚಾಗಿ ಧಣಿಯ ಕಡೆಗೆ. ಕಾಯ್ದೆ ಮಾಡಿದ ಬೂರ್ಗುಲರು ಅದನ್ನು ಕಾಯುವ ಕೆಲಸವನ್ನು ಅದೇ ಹಳೆ ಕಂದಾಯ ಯಂತ್ರಕ್ಕೆ ಬಿಟ್ಟರು ಎಂಬ ಟೀಕೆಯಲ್ಲಿ ಹುರುಳಿದೆ.

1956ರಲ್ಲಿ ರಾಜ್ಯ ಒಡೆಯಿತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರಕ್ಕೆ ಸೇರಿದವು. ಬೂರ್ಗುಲರು ಕೇರಳಕ್ಕೆ ರಾಜ್ಯಪಾಲರಾಗಿ ಹೋದರು. 1957ರ ಏಪ್ರಿಲ್‌ನಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಸರಕಾರ ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ ಗೇಣಿದಾರರನ್ನೂ ಪರರ ಜಾಗದಲ್ಲಿ ಗುಡಿಸಲು ಹಾಕಿಕೊಂಡ ಬಡವರನ್ನೂ ಒಕ್ಕಲೆಬ್ಬಿಸದಂತೆ ಸುಗ್ರೀವಾಜ್ಞೆ ತಂದಿತು. ಅದು ಹೊರಬಿದ್ದದ್ದು ರಾಜ್ಯಪಾಲ ಬೂರ್ಗುಲರ ಹೆಸರಿನಲ್ಲಿ. ಎರಡು ವರ್ಷದ ಮೇಲೆ, 1959ರ ಜುಲೈನಲ್ಲಿ ಅದೇ ಸರಕಾರ ವಜಾ ಆದದ್ದು ಅದೇ ರಾಜ್ಯಪಾಲರ ವರದಿಯ ಮೇಲೆ. ಹಾಗಾಗಿ ಅವರನ್ನು ಪೂರ್ತಿ ಹೊಗಳುವವರಿಗೂ ಪೂರ್ತಿ ತೆಗಳುವವರಿಗೂ ಕೇರಳದ ಈ ಅಧ್ಯಾಯ ತೊಡಕೇ. 1960ರಲ್ಲಿ ಉತ್ತರಪ್ರದೇಶದ ರಾಜ್ಯಪಾಲರಾದರು. ಆಮೇಲೆ ರಾಜ್ಯಸಭೆಗೆ ಹೋದರು.

ಗಡಿಯ ಎರಡೂ ಕಡೆ ನೆಂಟಸ್ತನ ಇರುವವರಿಗೆ ಮುಂದಿನದು ಗೊತ್ತು. ರಾಯಚೂರು, ಕಲಬುರಗಿ ಕಡೆಯವರು ದೇವರಾಜ ಅರಸು ಕಾಲದ 1974ರ ತಿದ್ದುಪಡಿಯ ಮೇಲೆ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಹೋದರು. ಈ ಕಡೆ 1950ರ ಕಾಯ್ದೆಗೇ ಸೇರಿಸಿದ 38-ಇ ಕಲಂ 1973ರಿಂದ ಜಾರಿಯಾಗಿ, ಪಿ.ಟಿ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾಲೀಕತ್ವದ ಸರ್ಟಿಫಿಕೇಟ್ ಬಂತು. ಪಟ್ಟಿಯಲ್ಲಿ ಹೆಸರು ಬರೆಸದವರು, ಆಮೇಲೆ ಕೌಲಿಗೆ ಹಿಡಿದವರು ಹೊರಗೇ ಉಳಿದರು. ತೆಲಂಗಾಣದಲ್ಲಿ 2018ರಲ್ಲಿ ಶುರುವಾದ ರೈತಬಂಧು ಹಣ ಕೂಡ ಪಟ್ಟೇದಾರನ ಖಾತೆಗೆ ಬಿತ್ತೇ ಹೊರತು ಕೌಲುದಾರನಿಗಲ್ಲ.

38-ಇ ಸರ್ಟಿಫಿಕೇಟುಗಳನ್ನು ನೋಡಲು ಬೂರ್ಗುಲರು ಇರಲಿಲ್ಲ. 1967ರ ಸೆಪ್ಟೆಂಬರ್ 14ರಂದು ತೀರಿಕೊಂಡಿದ್ದರು.