ಬೆಳಿಗ್ಗೆ ಲ್ಯಾಬು, ಹಗಲು ಸರ್ಕಾರಿ ಲೆಕ್ಕ: ಬ್ಯಾಡಗಿ ಮೆಣಸಿನಕಾಯಿ ಬಣ್ಣವನ್ನೂ ಓದುವ ಬೆಳಕು ಕಂಡ ಸರ್ ಸಿ.ವಿ. ರಾಮನ್

ಹಾವೇರಿ: ಫೆಬ್ರವರಿ 28 ಬಂತಂದ್ರೆ ಶಾಲೆಗಳಲ್ಲಿ ವಿಜ್ಞಾನ ದಿನ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಅಂತ ಎಲ್ಲ ಕಡೆ ಮಕ್ಕಳು ಥರ್ಮಾಕೋಲ್ ಮಾದರಿ ಹೊತ್ತುಕೊಂಡು ಓಡಾಡುತ್ತಾರೆ. ಪೇಟ ಸುತ್ತಿದ ಒಬ್ಬರ ಫೋಟೊಗೆ ಹಾರ ಬೀಳುತ್ತದೆ. ಅವರು ಚಂದ್ರಶೇಖರ ವೆಂಕಟರಾಮನ್. ನೊಬೆಲ್ ತಂದವರು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅವರು ದುಡಿಮೆ ಶುರು ಮಾಡಿದ್ದು ಲ್ಯಾಬಿನಲ್ಲಿ ಅಲ್ಲ, ಲೆಕ್ಕಪತ್ರದ ಆಫೀಸಿನಲ್ಲಿ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ಜಮಾ-ಖರ್ಚಿನ ಸಾಹೇಬ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜು ಮೇಷ್ಟ್ರು. ಮಗ ಓದಿನಲ್ಲಿ ಬಲು ಚುರುಕು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1907ಕ್ಕೆ ಎಂ.ಎ. ಮುಗಿಸುವ ಹೊತ್ತಿಗೆ ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆದರೆ ಆ ಕಾಲದಲ್ಲಿ ವಿಜ್ಞಾನ ನಂಬಿ ಹೊಟ್ಟೆ ಹೊರೆಯುವ ದಾರಿ ಇರಲಿಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಬರೆದರು, ಮೊದಲ ಸ್ಥಾನ ಬಂತು. ಅದೇ ವರ್ಷ ಲೋಕಸುಂದರಿ ಅವರ ಜೊತೆ ಮದುವೆ. ಹದಿನೆಂಟರ ಹುಡುಗ ಹೆಂಡತಿಯನ್ನು ಕರೆದುಕೊಂಡು ಕಲ್ಕತ್ತಾಕ್ಕೆ ಹೋಗಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಕುರ್ಚಿಯಲ್ಲಿ ಕೂತ.

ಒಳ್ಳೆ ಸಂಬಳ, ಒಳ್ಳೆ ಮರ್ಯಾದೆ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಸಾಕು ಅಂತಿದ್ದರು. ರಾಮನ್ ಹಾಗೆ ಕೂರುವ ಮನುಷ್ಯ ಅಲ್ಲ. ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು. ಅದು ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಘ. ಸಾಮಾನು ಇತ್ತು, ಕೆಲಸ ಮಾಡುವವರು ಇರಲಿಲ್ಲ. ರಾಮನ್ ಒಳಗೆ ಹೋದರು. ಅಂದಿನಿಂದ ಬೆಳಗಿನ ಜಾವ ಅಲ್ಲಿ ಪ್ರಯೋಗ, ಆಮೇಲೆ ಮನೆಗೆ ಬಂದು ಆಫೀಸಿಗೆ, ಸಂಜೆ ಆಫೀಸು ಬಿಟ್ಟ ಮೇಲೆ ರಾತ್ರಿವರೆಗೆ ಮತ್ತೆ ಅಲ್ಲೇ. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾದರೂ ಈ ಚಟ ಬಿಡಲಿಲ್ಲ. ಹತ್ತು ವರ್ಷ ಹೀಗೇ ನಡೆಯಿತು.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಪ್ರೊಫೆಸರ್ ಹುದ್ದೆಗೆ ಕರೆಯಿತು. ಸಂಬಳ ಆಗ ಸಿಗುತ್ತಿದ್ದುದರ ಸುಮಾರು ಅರ್ಧ. ರಾಮನ್ ಸರ್ಕಾರಿ ನೌಕರಿ ಬಿಟ್ಟು ಅಲ್ಲಿಗೆ ಹೋದರು. ಜಮಾ-ಖರ್ಚು ಚೆನ್ನಾಗಿ ಬಲ್ಲವರೇ ಮಾಡಿದ ಆಯ್ಕೆ ಅದು.

ಸಮುದ್ರ ಯಾಕೆ ನೀಲಿ?

1921ರಲ್ಲಿ ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಕಂಡು ತಲೆಯಲ್ಲಿ ಹುಳ ಹೊಕ್ಕಿತು. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುವುದರಿಂದ ಸಮುದ್ರ ನೀಲಿ ಕಾಣುತ್ತದೆ ಅಂತ ದೊಡ್ಡ ವಿಜ್ಞಾನಿ ರ‍್ಯಾಲಿ ಹೇಳಿದ್ದರು, ಎಲ್ಲರೂ ಒಪ್ಪಿದ್ದರು. ರಾಮನ್ ಜೇಬಿನಲ್ಲಿಟ್ಟುಕೊಂಡಿದ್ದ ಸಣ್ಣ ಪ್ರಿಸಂ ಹಿಡಿದು, ನೀರಿನ ಮೇಲಿನ ಪ್ರತಿಫಲನ ಮರೆಯಾಗುವ ಕೋನದಲ್ಲಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಅಂತಾಯಿತು. ಹಡಗು ಬಾಂಬೆ ಮುಟ್ಟುವ ಹೊತ್ತಿಗೆ ಇದನ್ನೆಲ್ಲ ಬರೆದು ಮುಗಿಸಿದ್ದರು.

ಅಲ್ಲಿಂದ ಏಳು ವರ್ಷ ಶಿಷ್ಯರ ಜೊತೆ ಇದೇ ಬೆನ್ನು ಹತ್ತಿದರು. ಶಿಷ್ಯರಲ್ಲಿ ಮುಖ್ಯರಾದವರು ಕೆ.ಎಸ್. ಕೃಷ್ಣನ್. ಕೊನೆಯ ಪ್ರಯೋಗಕ್ಕೆ ದೀಪವಾಗಿ ಬಳಸಿದ್ದು ಸೂರ್ಯನನ್ನೇ. 18 ಸೆಂ.ಮೀ. ಅಗಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಂದು ಕಡೆ ಕೂಡಿಸಿ, ನೀಲಿ-ನೇರಳೆ ಗಾಜು ದಾಟಿಸಿ, ಶುದ್ಧ ಮಾಡಿದ ದ್ರವದೊಳಗೆ ಬಿಟ್ಟರು. ಈಚೆ ಕಡೆ ಆ ಬಣ್ಣವನ್ನು ಪೂರಾ ತಡೆಯುವ ಇನ್ನೊಂದು ಗಾಜು. ಏನೂ ಕಾಣಬಾರದಿತ್ತು. ಆದರೂ ಮಸುಕಾದ ಬೆಳಕು ಕಂಡಿತು. ಒಳಗೆ ಹೋದ ಬೆಳಕು ಬಣ್ಣ ಬದಲಿಸಿ ಹೊರಗೆ ಬಂದಿತ್ತು. 1928ರ ಫೆಬ್ರವರಿ 28ರಂದು ಇದು ಪಕ್ಕಾ ಆಯಿತು. ಮರುದಿನವೇ ರಾಮನ್ ಸುದ್ದಿಯನ್ನು ಪತ್ರಿಕೆಗಳಿಗೆ ಕೊಟ್ಟರು. ಅದೇ ಫೆಬ್ರವರಿಯಲ್ಲಿ ಮಾಸ್ಕೋದ ಇಬ್ಬರು ವಿಜ್ಞಾನಿಗಳು ಹರಳುಗಳಲ್ಲಿ ಇದನ್ನೇ ಕಂಡಿದ್ದರು, ಆದರೆ ಪ್ರಕಟಿಸುವುದು ತಡವಾಯಿತು. ತಡ ಮಾಡಿದ್ದರೆ ಕಲ್ಕತ್ತಾದ ಹೆಸರು ಎರಡನೆಯದಾಗುತ್ತಿತ್ತು.

ದಲಾಲಿ ಅಂಗಡಿಯ ಲೆಕ್ಕ

ರಾಮನ್ ಪರಿಣಾಮ ಅಂದರೇನು? ಬ್ಯಾಡಗಿ ಮಾರುಕಟ್ಟೆಯ ಮಂದಿಗೆ ಇದು ಬೇಗ ತಿಳಿಯುತ್ತದೆ. ಒಂದು ದಲಾಲಿ ಅಂಗಡಿಗೆ ಮಾಲು ಹಾಕಿದರೆ, ದಲಾಲಿ ಮುರಿದುಕೊಂಡು ಉಳಿದ ಹಣ ಕೈಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಒಂದೊಂದು ಅಂಗಡಿಯದು ಒಂದೊಂದು ದರ ಅಂದುಕೊಳ್ಳಿ. ಆಗ ಎಷ್ಟು ಮುರಿದಿದೆ ಅಂತ ನೋಡಿಯೇ ಯಾವ ಅಂಗಡಿ ಅಂತ ಹೇಳಬಹುದು. ಬೆಳಕಿನದೂ ಹೀಗೇ. ಅಣುವಿಗೆ ತಾಗಿದ ಬೆಳಕಿನಲ್ಲಿ ಹೆಚ್ಚಿನದು ಇದ್ದ ಹಾಗೇ ವಾಪಸ್ ಬರುತ್ತದೆ. ಲಕ್ಷಗಟ್ಟಲೆ ಕಣಗಳಲ್ಲಿ ಎಲ್ಲೋ ಒಂದು ಮಾತ್ರ ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ಅಣುವಿಗೆ ಕೊಟ್ಟು ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಕೊಡಬೇಕು ಅನ್ನೋದು ಒಂದೊಂದು ವಸ್ತುವಿಗೆ ಒಂದೊಂದು ಥರ. ಆ ಲೆಕ್ಕ ನೋಡಿದರೆ ಎದುರಿಗಿರುವ ವಸ್ತು ಯಾವುದು ಅಂತ ಒಡೆಯದೇ, ಸುಡದೇ ಗೊತ್ತಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಆ ಕೆಂಪಿಗೆ ಕಾರಣ ಕ್ಯಾರೊಟಿನಾಯ್ಡ್ ಎಂಬ ಗುಂಪಿನ ವಸ್ತುಗಳು. ರಾಮನ್ ವಿಧಾನದಲ್ಲಿ ಬಹಳ ಸ್ಪಷ್ಟವಾಗಿ ಕಾಣುವ ವಸ್ತುಗಳಲ್ಲಿ ಇವೂ ಸೇರಿವೆ. ಖಾರದ ಪುಡಿಗೆ ಸುಡಾನ್ ಥರದ ಕೆಮಿಕಲ್ ಬಣ್ಣ ಬೆರೆಸಿದ್ದರೆ ಅದನ್ನು ಹಿಡಿಯಲೂ ಲ್ಯಾಬುಗಳಲ್ಲಿ ಇದೇ ವಿಧಾನ ಬಳಸುತ್ತಾರೆ. ವಜ್ರ ಅಸಲಿಯೋ ಗಾಜೋ ಅಂತ ನೋಡುವುದಕ್ಕೂ ಇದು ಬೇಕು. 2021ರ ಫೆಬ್ರವರಿ 18ರಂದು ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ಪರ್ಸಿವರೆನ್ಸ್ ರೋವರ್ ಅಲ್ಲಿನ ಕಲ್ಲುಗಳನ್ನು ಪರೀಕ್ಷಿಸಲು ಒಯ್ದ ಉಪಕರಣಗಳಲ್ಲೂ ಇದೇ ತಂತ್ರ ಇದೆ.

ಒಂದೇ ಮನೆಗೆ ಎರಡು ನೊಬೆಲ್

1930ರಲ್ಲಿ ರಾಮನ್‌ಗೆ ಭೌತಶಾಸ್ತ್ರದ ನೊಬೆಲ್ ಬಂತು. ವಿಜ್ಞಾನಕ್ಕೆ ಈ ಬಹುಮಾನ ಪಡೆದ ಏಷ್ಯಾದ ಮೊದಲಿಗರು ಇವರು. ಅದೇ ವರ್ಷ ಅವರ ಅಣ್ಣನ ಮಗ, 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ನಕ್ಷತ್ರಗಳ ಲೆಕ್ಕ ಹಾಕುತ್ತಿದ್ದ. ಉರಿದು ಮುಗಿದ ನಕ್ಷತ್ರ ಶ್ವೇತಕುಬ್ಜವಾಗಿ ಉಳಿಯಬೇಕಾದರೆ ತೂಕಕ್ಕೆ ಒಂದು ಮಿತಿ ಇದೆ ಅನ್ನುವುದು ಆ ಲೆಕ್ಕದಿಂದ ಬಂತು. ಆ ಮಿತಿ ಸೂರ್ಯನ ತೂಕದ ಸುಮಾರು 1.4 ಪಟ್ಟು. ಆಗಿನ ದೊಡ್ಡವರು ನಕ್ಕರು. 1983ರಲ್ಲಿ ಚಂದ್ರಶೇಖರ್‌ಗೂ ನೊಬೆಲ್ ಬಂತು. ಚಿಕ್ಕಪ್ಪ ಅದನ್ನು ನೋಡಲು ಇರಲಿಲ್ಲ.

ಬೆಂಗಳೂರಿನ ಗುದ್ದಾಟ

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರೇ ಮೊದಲ ಭಾರತೀಯ ನಿರ್ದೇಶಕ. ಕೆಲಸದಲ್ಲಿ ಬಿರುಸು, ಮಾತಿನಲ್ಲೂ ಬಿರುಸು. ಭೌತಶಾಸ್ತ್ರಕ್ಕೆ ಹೆಚ್ಚು ಒತ್ತು ಕೊಟ್ಟದ್ದು, ಹಳಬರನ್ನು ಕೇಳದೇ ಬದಲಾವಣೆ ತಂದದ್ದು ಹಲವರಿಗೆ ಸರಿಬರಲಿಲ್ಲ. ತನಿಖಾ ಸಮಿತಿ ಬಂತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಆದರೂ ಸಂಸ್ಥೆ ಬಿಡಲಿಲ್ಲ, 1948ರವರೆಗೆ ಅಲ್ಲೇ ಪ್ರೊಫೆಸರ್ ಆಗಿ ಪಾಠ ಮಾಡಿದರು. ಆ ದಿನಗಳಲ್ಲಿ ಹೋಮಿ ಭಾಭಾ, ವಿಕ್ರಂ ಸಾರಾಭಾಯಿ ಇಬ್ಬರೂ ಅಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ್ದರು.

ಎಲ್ಲವೂ ಹಾರ ಹಾಕುವಂಥದ್ದೇ ಅಲ್ಲ. ಕಮಲಾ ಸೊಹೊನಿ ಎಂಬ ಹುಡುಗಿ ಪದವಿಯಲ್ಲಿ ಮೊದಲ ಸ್ಥಾನ ಪಡೆದು ಬಂದರೂ, ಹೆಣ್ಣು ಅನ್ನುವ ಕಾರಣಕ್ಕೆ ರಾಮನ್ ಸೀಟು ಕೊಡಲು ಒಪ್ಪಲಿಲ್ಲ. ಆಕೆ ಪಟ್ಟು ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಬಾಗಿಲು ತೆರೆಯಿತು. 1940ರಲ್ಲಿ ಅಣ್ಣಾ ಮಣಿ ರಾಮನ್ ಅವರದೇ ಲ್ಯಾಬಿಗೆ ಸೇರಿ, ಮುಂದೆ ದೇಶದ ಹೆಸರಾಂತ ಹವಾಮಾನ ವಿಜ್ಞಾನಿ ಆದರು.

ಸ್ವಂತ ಸಂಸ್ಥೆ, ಸ್ವಂತ ಹಣ

ನಿವೃತ್ತಿಯ ಹೊತ್ತಿಗೆ ಸ್ವಂತ ಸಂಸ್ಥೆ ಕಟ್ಟುವ ಹಟ ಬಂದಿತ್ತು. ಜಾಗ ಮೈಸೂರು ಸಂಸ್ಥಾನ ಕೊಟ್ಟದ್ದು. ಹಣಕ್ಕೆ ಊರೂರು ತಿರುಗಿ ಕೈಚಾಚಿದರು. ಅದಕ್ಕೂ ಮೊದಲೇ, 1943ರಲ್ಲಿ, ಹಳೆ ಶಿಷ್ಯರೊಬ್ಬರ ಜೊತೆ ಸೇರಿ ಕೆಮಿಕಲ್ ಕಂಪನಿ ತೆಗೆದಿದ್ದರು. ಬೆಂಕಿಕಡ್ಡಿ ತಯಾರಿಕೆಗೆ ಬೇಕಾಗುವ ಪೊಟ್ಯಾಸಿಯಂ ಕ್ಲೋರೇಟ್ ಅಲ್ಲಿ ತಯಾರಾಗುತ್ತಿತ್ತು. 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಶುರುವಾಯಿತು. ಸರ್ಕಾರದ ಅನುದಾನ ಬಂದರೆ ಸರ್ಕಾರದ ಹಂಗೂ ಬರುತ್ತದೆ ಅಂತ ಅದನ್ನು ದೂರವೇ ಇಟ್ಟರು. ಅದೇ ಸರ್ಕಾರ 1954ರಲ್ಲಿ ಮೊದಲ ಸಾಲಿನ ಭಾರತ ರತ್ನ ಕೊಟ್ಟಿತು.

ಇಳಿವಯಸ್ಸಿನಲ್ಲಿ ಅವರಿಗೆ ಹೆಚ್ಚು ಖುಷಿ ಕೊಟ್ಟದ್ದು ಶಾಲೆ ಮಕ್ಕಳ ಜೊತೆಗಿನ ಮಾತು. 1968ರ ಡಿಸೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಸಾರಾಭಾಯಿ ಅವರ ವಿಜ್ಞಾನ ಕೇಂದ್ರಕ್ಕೆ ಅಡಿಗಲ್ಲು ಹಾಕಿ, ಆಕಾಶ ಯಾಕೆ ನೀಲಿ ಎಂಬ ವಿಷಯದ ಮೇಲೆ ಭಾಷಣ ಮಾಡಿದರು. ಹಗಲಿನ ನೀಲಿಗೆ ಕಾರಣವಾದ ಗಾಳಿ ರಾತ್ರಿಯೂ ಇರುತ್ತದೆ. ಹುಣ್ಣಿಮೆ ರಾತ್ರಿ ಆಕಾಶವೂ ನೀಲಿಯೇ, ಬೆಳಕು ಕಡಿಮೆ ಇರುವುದರಿಂದ ನಮ್ಮ ಕಣ್ಣಿಗೆ ಆ ಬಣ್ಣ ಹತ್ತುವುದಿಲ್ಲ ಅಷ್ಟೇ. ಈಗ ಇದನ್ನು ಯಾರು ಬೇಕಾದರೂ ನೋಡಬಹುದು. ಹುಣ್ಣಿಮೆಗೆ ರಾಣೆಬೆನ್ನೂರಿನ ಆಚೆ ಬೀದಿ ದೀಪ ಇಲ್ಲದ ಹೊಲದಲ್ಲಿ ನಿಂತು, ಮೊಬೈಲನ್ನು ಅಲ್ಲಾಡದಂತೆ ಇಟ್ಟು ನೈಟ್ ಮೋಡಿನಲ್ಲಿ ಫೋಟೊ ತೆಗೆದರೆ ನೀಲಿ ಕಾಣಿಸುತ್ತದೆ.

ರಾಮನ್ ತೀರಿಕೊಂಡದ್ದು 1970ರ ನವೆಂಬರ್ 21ರಂದು, 82ನೇ ವಯಸ್ಸಿನಲ್ಲಿ. ಅವರ ಆಸೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಸಂಸ್ಕಾರ ನಡೆಯಿತು. ಸಮಾಧಿ ಕಟ್ಟಲಿಲ್ಲ, ಆ ಜಾಗದಲ್ಲಿ ಒಂದು ಮರ ನೆಟ್ಟರು. ಎರಡು ವರ್ಷಕ್ಕೆ ಮಗ ವಿ. ರಾಧಾಕೃಷ್ಣನ್ ಸಂಸ್ಥೆಯ ಹೊಣೆ ಹೊತ್ತರು. ಅವರು ರೇಡಿಯೋ ಖಗೋಳ ವಿಜ್ಞಾನಿ. ಹೀಗಾಗಿ ರಾಮನ್ ಕಟ್ಟಿದ ಮನೆ ಆಕಾಶದ ಕಡೆಗೇ ಮುಖ ಮಾಡಿತು. ಗೌರಿಬಿದನೂರಿನ ರೇಡಿಯೋ ದೂರದರ್ಶಕ ಕಟ್ಟುವುದರಲ್ಲಿ ಆ ಸಂಸ್ಥೆಯ ಪಾಲೂ ಇದೆ.

ಫೆಬ್ರವರಿ 28ರಂದು ಮಕ್ಕಳು ಮನೆಗೆ ಬಂದು ರಾಮನ್ ಯಾರು ಅಂತ ಕೇಳಿದರೆ, ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತವರೂ ಉತ್ತರ ಕೊಡಬಹುದು. ಹತ್ತು ವರ್ಷ ಹಗಲೆಲ್ಲ ಲೆಕ್ಕ ಬರೆದು, ಉಳಿದ ಹೊತ್ತಿನಲ್ಲಿ ಬೆಳಕಿನ ಬೆನ್ನು ಹತ್ತಿದ ಮನುಷ್ಯ ಅಂತ ಹೇಳಿದರೆ ಸಾಕು.