ಪತ್ತೇದಾರನಾದ ಐಂದ್ರಜಾಲಿಕ

ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಸರ್ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದಿದ ವೈದ್ಯ. ಆದರೂ ಸತ್ತವರೊಡನೆ ಮಾತನಾಡಬಹುದೆಂದು ಆತ ದೃಢವಾಗಿ ನಂಬಿದ್ದನು. ಆ ನಂಬಿಕೆಯನ್ನು ನಿಜವಾದ ಪತ್ತೇದಾರನಂತೆ ಒರೆಗೆ ಹಚ್ಚಿದವನು ಆತನ ಸ್ನೇಹಿತನೇ ಆಗಿದ್ದ ಐಂದ್ರಜಾಲಿಕ ಹ್ಯಾರಿ ಹೂಡಿನಿ. ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪರೀಕ್ಷೆಗೆ ಕೂರಲಿರುವ ನನ್ನನ್ನು ಈ ವಿಚಿತ್ರ ಬಹಳ ದಿನ ಕಾಡಿತು.

ಹೂಡಿನಿ ಹುಟ್ಟಿದ್ದು 1874ರಲ್ಲಿ, ಬುಡಾಪೆಸ್ಟ್ ನಗರದಲ್ಲಿ. ಎರಿಕ್ ವೈಸ್ ಎಂಬುದು ಆತನ ನಿಜನಾಮ. ತಂದೆ ಯೆಹೂದಿ ಧರ್ಮಗುರು. ಮಗನಿಗೆ ನಾಲ್ಕು ವರ್ಷವಾದಾಗ ಕುಟುಂಬ ಅಮೆರಿಕ ಸೇರಿತು. ಬಡತನದ ದೆಸೆಯಿಂದ ಹುಡುಗನಿಗೆ ಶಾಲೆಯ ಓದು ಹೆಚ್ಚು ದಕ್ಕಲಿಲ್ಲ. ಪತ್ರಿಕೆ ಮಾರಿದನು, ನೆಕ್‌ಟೈ ಕಾರ್ಖಾನೆಯಲ್ಲಿ ದುಡಿದನು. ಮುಂದೆ ಕೈಕೋಳ, ಸರಪಣಿಗಳನ್ನು ಬಿಡಿಸಿಕೊಂಡು ಹೊರಬರುವ ವಿದ್ಯೆಯಿಂದ ಲೋಕವಿಖ್ಯಾತನಾದನು. ಬಡತನದ ದಿನಗಳಲ್ಲಿ ಪ್ರೇತಗಳನ್ನು ಕರೆಯುವ ಆಟವನ್ನೂ ಆಡಿದ್ದುದರಿಂದ ಅದರ ಒಳಗುಟ್ಟುಗಳೆಲ್ಲ ಆತನಿಗೆ ಗೊತ್ತಿದ್ದವು.

1913ರಲ್ಲಿ ತಾಯಿ ತೀರಿಕೊಂಡಳು. ಆ ದುಃಖ ಆತನನ್ನು ಕಡೆಯವರೆಗೂ ಬಿಡಲಿಲ್ಲ. 1922ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡಾಯ್ಲನ ಪತ್ನಿ, ಹೂಡಿನಿಯ ತಾಯಿಯೇ ತನ್ನ ಕೈಯಿಂದ ಬರೆಸುತ್ತಿರುವಳೆಂದು ಹೇಳಿ, ಪುಟಗಟ್ಟಲೆ ಬರೆದುಕೊಟ್ಟಳು. ಬರಹವೆಲ್ಲ ಇಂಗ್ಲಿಷಿನಲ್ಲಿತ್ತು, ಮೇಲೆ ಶಿಲುಬೆಯ ಗುರುತಿತ್ತು. ತಾಯಿಯಾದರೋ ಇಂಗ್ಲಿಷಿನಲ್ಲಿ ಹಾಗೆ ಬರೆಯಬಲ್ಲವಳಲ್ಲ. ಯೆಹೂದಿ ಗುರುವಿನ ಮಡದಿ ಶಿಲುಬೆ ಏಕೆ ಬರೆದಾಳು? ಹೂಡಿನಿ ಅದನ್ನು ಒಪ್ಪಲಿಲ್ಲ. ಸ್ನೇಹ ಮುರಿಯಿತು.

ಅಲ್ಲಿಂದ ಮುಂದೆ ಆತ ವೇಷ ಮರೆಸಿಕೊಂಡು ಪ್ರೇತಾವಾಹನೆಯ ಕತ್ತಲೆ ಕೋಣೆಗಳನ್ನು ಹೊಕ್ಕು, ಅಲ್ಲಿನ ಮೋಸಗಳನ್ನು ಬಯಲಿಗೆಳೆದನು. 1924ರಲ್ಲಿ ಬೋಸ್ಟನ್ನಿನ ಪ್ರಸಿದ್ಧ ಮಾಧ್ಯಮಸ್ತ್ರೀ ಮಾರ್ಜರಿಯನ್ನು ಪರೀಕ್ಷಿಸಿದನು. 1926ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯೆದುರು ಇಂಥ ವಂಚಕರ ವಿರುದ್ಧ ಸಾಕ್ಷಿ ನುಡಿದನು. ಅದೇ ವರ್ಷ ಅಕ್ಟೋಬರ್ 31ರಂದು ಡೆಟ್ರಾಯಿಟ್‌ನಲ್ಲಿ ತೀರಿಕೊಂಡನು. ಅದು ಹ್ಯಾಲೋವೀನ್ ದಿನ. ಆ ರಾತ್ರಿ ಸತ್ತವರ ಆತ್ಮಗಳು ಸಂಚರಿಸುವುವೆಂಬುದು ಪಾಶ್ಚಾತ್ಯರ ಹಳೆಯ ನಂಬಿಕೆ.

ಸತ್ತ ಮೇಲೆ ಸಾಧ್ಯವಾದರೆ ಕಳುಹಿಸುವೆನೆಂದು ಆತ ಪತ್ನಿ ಬೆಸ್ಸಳಿಗೆ ಗುಟ್ಟಿನ ಸಂಕೇತವೊಂದನ್ನು ತಿಳಿಸಿದ್ದನು. ಆಕೆ ವರ್ಷ ವರ್ಷವೂ ಆ ದಿನ ಕಾದಳು. 1936ರ ಹ್ಯಾಲೋವೀನ್ ರಾತ್ರಿ, ಹಾಲಿವುಡ್ಡಿನ ಹೋಟೆಲೊಂದರ ಮಾಳಿಗೆಯ ಮೇಲೆ ಕಡೆಯ ಸಲ ಕುಳಿತಾಗಲೂ ಏನೂ ಬರಲಿಲ್ಲ. ಆಕೆ ದೀಪ ಆರಿಸಿದಳು.

ಡಾಯ್ಲನನ್ನು ಕಂಡು ನಗಲು ನನಗೆ ಮನಸ್ಸಾಗದು. ಆತ 1918ರಲ್ಲಿ ಮಗನನ್ನು ಕಳೆದುಕೊಂಡವನು. ಆದರೆ ಹೂಡಿನಿಯ ದುಃಖವೂ ಚಿಕ್ಕದಲ್ಲ. ನನ್ನ ತಾಯಿಗೆ ಅಕ್ಷರ ಬಾರದು. ಅವಳ ಹೆಸರಿನಲ್ಲಿ ಯಾರಾದರೂ ಇಂಗ್ಲಿಷ್ ಪತ್ರ ತಂದುಕೊಟ್ಟರೆ ನಾನೂ ನಂಬಲಾರೆ. ಅವಳ ಮಾತು ಹೇಗಿರುತ್ತದೆಂದು ನಾನು ಬಲ್ಲೆ. ಹೂಡಿನಿಯೂ ತನ್ನ ತಾಯಿಯನ್ನು ಅಷ್ಟೇ ಚೆನ್ನಾಗಿ ಬಲ್ಲವನಾಗಿದ್ದನು. ಆ ಪತ್ರವನ್ನು ಆತ ತಿರಸ್ಕರಿಸಿದ್ದು ಪ್ರೀತಿಯ ಕೊರತೆಯಿಂದಲ್ಲ, ಪ್ರೀತಿಯಿಂದಲೇ.