ಉಪ್ಪಿನ ವರ್ಷ 1930: ಮುಂಬಯಿಯಲ್ಲಿ ಮಂಗಳೂರಿನ ಕಮಲಾದೇವಿ

1930ನೆಯ ಇಸವಿ ಜಗತ್ತಿನ ಪಾಲಿಗೆ ನೆಮ್ಮದಿಯ ವರ್ಷವಾಗಿರಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಿತ್ತು. ಅದರ ಪೆಟ್ಟು ಒಂದೊಂದೇ ದೇಶಕ್ಕೆ, ಒಂದೊಂದೇ ಬಂದರಿಗೆ ತಲುಪುತ್ತಿತ್ತು. ಹತ್ತಿಯ ಬೆಲೆ ಇಳಿಯಿತು, ಬೆಳೆದವನ ಕೈ ಬರಿದಾಯಿತು. ಸೆಪ್ಟೆಂಬರಿನಲ್ಲಿ ನಡೆದ ಜರ್ಮನ್ ಚುನಾವಣೆಯಲ್ಲಿ, ಅದುವರೆಗೆ 12 ಸ್ಥಾನಗಳಿದ್ದ ಹಿಟ್ಲರನ ಪಕ್ಷ 107 ಸ್ಥಾನಗಳನ್ನು ಗೆದ್ದುಕೊಂಡಿತು. ಒಳ್ಳೆಯ ಸುದ್ದಿಗಳೂ ಇಲ್ಲದಿರಲಿಲ್ಲ. ಸಿ. ವಿ. ರಾಮನ್ ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು ಅದೇ ವರ್ಷ. ಅವರ ಅಣ್ಣನ ಮಗ, 19 ವರ್ಷದ ಚಂದ್ರಶೇಖರ್, ಜುಲೈ 31ರಂದು ನಮ್ಮ ಮುಂಬಯಿ ಬಂದರಿನಿಂದಲೇ ಇಂಗ್ಲೆಂಡಿಗೆ ಹಡಗು ಹತ್ತಿದರು. ಮುಪ್ಪಾದ ನಕ್ಷತ್ರಗಳ ಗತಿಯೇನು ಎಂಬ ಪ್ರಸಿದ್ಧ ಲೆಕ್ಕಾಚಾರವನ್ನು ಅವರು ಮಾಡಿದ್ದು ಆ ಪ್ರಯಾಣದಲ್ಲೇ.

ಚಂದ್ರಶೇಖರ್ ಬಿಟ್ಟುಹೊರಟ ಮುಂಬಯಿ ಆ ವೇಳೆಗೆ ಮೂರು ತಿಂಗಳುಗಳಿಂದ ಕುದಿಯುತ್ತಿತ್ತು. ಕಾರಣ ಉಪ್ಪು. ಆ ಉಪ್ಪನ್ನು ಚೌಪಾಟಿಯ ಮರಳಿನಿಂದ ದಲಾಲ್ ಸ್ಟ್ರೀಟಿನ ಷೇರುಪೇಟೆಯೊಳಗೆ ಒಯ್ದು ಹರಾಜಿಗಿಟ್ಟವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಕೈಮಗ್ಗ, ಕರಕುಶಲ ಕಲೆ ಎಂದೊಡನೆ ಅವರ ಹೆಸರು ಇಂದಿಗೂ ನೆನಪಾಗುತ್ತದೆ. ಆದರೆ ಅವರ 27ನೆಯ ವಯಸ್ಸಿನ ಈ ಮುಂಬಯಿ ಅಧ್ಯಾಯ ನಮ್ಮ ಸಭೆ ಸಮಾರಂಭಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಹೊರನಾಡ ಕನ್ನಡಿಗರು ತಮ್ಮ ಹಿರಿಯರೆಂದು ಎಣಿಸಿಕೊಳ್ಳುವವರ ಸಾಲಿನಲ್ಲಿ ಅವರಿಗೆ ಇನ್ನೂ ಮುಂದಿನ ಸ್ಥಾನ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಕಮಲಾದೇವಿ ಜನಿಸಿದ್ದು 1903ರ ಎಪ್ರಿಲ್ 3ರಂದು, ಮಂಗಳೂರಿನ ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರಕಾರಿ ಅಧಿಕಾರಿ, ತಾಯಿ ಗಿರಿಜಾಬಾಯಿ. ಮಗಳಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಅವರು ಮರಣಶಾಸನ ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ಹೆಂಡತಿಗೆ ಉಳಿದದ್ದು ಜೀವನಾಂಶ ಮಾತ್ರ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಸ್ವಾಭಿಮಾನಿಯಾದ ಗಿರಿಜಾಬಾಯಿ ಆ ಜೀವನಾಂಶವನ್ನು ನಿರಾಕರಿಸಿ, ತಾನು ತವರಿನಿಂದ ತಂದದ್ದರಲ್ಲೇ ಸಂಸಾರ ತೂಗಿಸಲು ನಿರ್ಧರಿಸಿದರು. ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರು ವಾರಸುದಾರಿಕೆಯ ಕಾಗದಪತ್ರಗಳನ್ನು ದಿನನಿತ್ಯ ನೋಡುತ್ತೇವೆ. ಒಂದು ಸಹಿ ಇಲ್ಲದಿದ್ದರೆ ಒಂದು ಮನೆಯ ಗತಿ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಆ ಏಳು ವರ್ಷದ ಬಾಲಕಿಗೂ ಅದು ಬಹು ಬೇಗ ಗೊತ್ತಾಯಿತು. ಕಾನೂನು ಎಂದಮಾತ್ರಕ್ಕೆ ಅದು ನ್ಯಾಯವಾಗಬೇಕಿಲ್ಲ ಎಂಬ ಅರಿವು ಅವರಲ್ಲಿ ಮೂಡಿದ್ದು ಗಾಂಧೀಜಿಯವರನ್ನು ಕಾಣುವುದಕ್ಕೆ ಬಹಳ ಮೊದಲೇ.

14ನೆಯ ವಯಸ್ಸಿನಲ್ಲಿ ಕೃಷ್ಣರಾವ್ ಎಂಬವರೊಡನೆ ವಿವಾಹ. ಎರಡು ವರ್ಷ ತುಂಬುವುದರೊಳಗೆ ವೈಧವ್ಯ. ಅಂದಿನ ರೂಢಿಯಂತೆ ಮನೆಯ ಮೂಲೆ ಸೇರಬೇಕಾಗಿದ್ದ ಹುಡುಗಿ ಮದರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಸ್ನೇಹ, ಆ ಮೂಲಕ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯ, ಬಳಿಕ ಮದುವೆ. ವಿಧವೆಯ ಮರುವಿವಾಹ, ಅದೂ ಬಂಗಾಳಿಯೊಡನೆ! ಸಮಾಜ ಎಷ್ಟು ಗುಲ್ಲೆಬ್ಬಿಸಿರಬೇಕೆಂದು ಓದುಗರು ಊಹಿಸಬಲ್ಲರು. ದಂಪತಿಗಳು ಲಂಡನ್ನಿಗೆ ಹೋದರು. ಕಮಲಾದೇವಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಅಸಹಕಾರ ಚಳವಳಿಯ ಸುದ್ದಿ ಕೇಳಿ ಸ್ವದೇಶಕ್ಕೆ ಮರಳಿದವರು, ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ಥಾನಿ ಸೇವಾದಳವನ್ನು ಸೇರಿ ಅದರ ಮಹಿಳಾ ವಿಭಾಗದ ಹೊಣೆ ಹೊತ್ತರು. 1926ರಲ್ಲಿ ಮಹಿಳೆಯರಿಗೆ ಶಾಸನಸಭೆಗೆ ಸ್ಪರ್ಧಿಸುವ ಅವಕಾಶ ದೊರೆತಾಗ, ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದಿಂದ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತರು. ಸಿದ್ಧತೆಗೆ ಸಿಕ್ಕಿದ್ದು ಕೆಲವೇ ದಿನಗಳು. ಸೋಲಾಯಿತು, ಆದರೆ ಅತ್ಯಲ್ಪ ಮತಗಳ ಅಂತರದಿಂದ.

ಇಷ್ಟು ಅನುಭವವನ್ನು ಬೆನ್ನಿಗೆ ಕಟ್ಟಿಕೊಂಡು ಅವರು 1930ರ ಹೊಸ್ತಿಲು ದಾಟಿದರು.

ಉಪ್ಪಿನ ಮೇಲೆ ಆಗ ಮಣವೊಂದಕ್ಕೆ ಒಂದು ರೂಪಾಯಿ ನಾಲ್ಕಾಣೆ ತೆರಿಗೆಯಿತ್ತು. ತೆರಿಗೆಗಿಂತ ಕಹಿಯಾದದ್ದು ಅದರ ಹಿಂದಿನ ನಿರ್ಬಂಧ. ಸಮುದ್ರದ ನೀರನ್ನು ಕಾಯಿಸಿ ಉಪ್ಪು ತೆಗೆಯುವುದಿರಲಿ, ದಡದಲ್ಲಿ ತಾನಾಗಿಯೇ ಹೆಪ್ಪುಗಟ್ಟಿದ ಉಪ್ಪನ್ನು ಬಾಚಿಕೊಳ್ಳುವುದೂ ಅಪರಾಧ. ಮಾರ್ಚ್ 12ರಂದು ಗಾಂಧೀಜಿ 78 ಮಂದಿ ಅನುಯಾಯಿಗಳೊಡನೆ ಸಾಬರಮತಿಯಿಂದ ದಂಡಿಗೆ ಹೊರಟರು. ಆ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಹಾವೇರಿ ಕಡೆಯ ತರುಣ ಮೈಲಾರ ಮಹಾದೇವಪ್ಪ. ಮಹಿಳೆಯರು ಒಬ್ಬರೂ ಇರಲಿಲ್ಲ. ಹೆಂಗಸರು ಮದ್ಯದಂಗಡಿ, ವಿದೇಶೀ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ಮಾಡಲಿ, ಅವರಿಗೆ ಒಪ್ಪುವ ಕೆಲಸ ಅದು ಎಂಬುದು ಗಾಂಧೀಜಿಯವರ ಎಣಿಕೆಯಾಗಿತ್ತು.

ಕಮಲಾದೇವಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಉಪ್ಪು ಅಡುಗೆಮನೆಯ ವಸ್ತು. ಅದರ ತೆರಿಗೆಯ ಭಾರ ದಿನವೂ ತಟ್ಟುವುದು ಒಲೆಯ ಮುಂದೆ ಕುಳಿತವಳಿಗೆ. ಅಂಥ ಹೋರಾಟದಲ್ಲಿ ಅವಳನ್ನೇ ಬದಿಗಿಡುವುದು ಎಂಥ ತರ್ಕ? ದಂಡಿಯ ದಾರಿಯಲ್ಲಿದ್ದ ಗಾಂಧೀಜಿಯವರನ್ನು ಅವರು ನೇರವಾಗಿ ಕಂಡು ವಾದಿಸಿದರು. ಮಹಾತ್ಮರ ಮಾತಿಗೆ ದೇಶವೇ ತಲೆಬಾಗುತ್ತಿದ್ದ ಕಾಲದಲ್ಲಿ ಅವರ ಮುಂದೆ ನಿಂತು ಬೇರೆ ಮಾತು ಹೇಳುವುದಕ್ಕೆ ಎಂಟೆದೆ ಬೇಕಿತ್ತು. ಮಹಾತ್ಮರು ಮಣಿದದ್ದೂ ಅವರ ದೊಡ್ಡತನವೇ ಸರಿ. ಮಹಿಳೆಯರು ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಲು ಅನುಮತಿ ದೊರೆಯಿತು. ಮುಂದಿನ ಕೆಲವೇ ತಿಂಗಳುಗಳಲ್ಲಿ ಸಾವಿರಾರು ಸ್ತ್ರೀಯರು ಜೈಲಿಗೆ ಹೋಗಲು ಸಿದ್ಧರಾದದ್ದಕ್ಕೆ ಆ ಸಂಭಾಷಣೆಯೂ ಒಂದು ಕಾರಣ.

ಎಪ್ರಿಲ್ 6ರಂದು ದಂಡಿಯಲ್ಲಿ ಗಾಂಧೀಜಿ ಉಪ್ಪು ಹಿಡಿದೆತ್ತಿದ ದಿನವೇ ಮುಂಬಯಿಯಲ್ಲೂ ಕಾನೂನುಭಂಗ ನಡೆಯಿತು. ಕಾನೂನು ಮುರಿಯಲು ಹೊರಟ ಮೊದಲ ತಂಡದಲ್ಲಿ ಇಬ್ಬರು ಮಹಿಳೆಯರಿದ್ದರು: ಅವಂತಿಕಾಬಾಯಿ ಗೋಖಲೆ ಮತ್ತು ಕಮಲಾದೇವಿ. ಚೌಪಾಟಿಯಲ್ಲಿ ಜನಸಾಗರ ನೆರೆದಿತ್ತು. ಗಿರಗಾಂವಿನ ಗೃಹಿಣಿಯರು ಬಿಂದಿಗೆ, ತಂಬಿಗೆಗಳೊಡನೆ ಸಮುದ್ರಕ್ಕಿಳಿದು ನೀರು ತುಂಬಿಕೊಂಡರು. ಒಲೆ ಹೂಡಿ ನೀರು ಬತ್ತಿಸಿದರೆ ತಳದಲ್ಲಿ ಉಳಿಯುವುದು ಒಂದಿಷ್ಟು ಕೊಳೆಯುಪ್ಪು. ಉಣ್ಣಲು ಅಷ್ಟೇನೂ ಯೋಗ್ಯವಲ್ಲ, ಆದರೆ ಅದನ್ನು ತಯಾರಿಸಿದವರು ಅಪರಾಧಿಗಳು. ಕಾಂಗ್ರೆಸ್ ಹೌಸಿನ ಮಾಳಿಗೆಯ ಮೇಲೂ ಬಾಣಲೆಗಳಲ್ಲಿ ಉಪ್ಪು ಕಾಯಿಸಲಾಗುತ್ತಿತ್ತು. ಪೊಲೀಸರು ದಾಳಿಯಿಟ್ಟಾಗ ಸುತ್ತಲಿನ ಬೀದಿಗಳಲ್ಲಿ ಹತ್ತಾರು ಸಾವಿರ ಮಂದಿ ಜಮಾಯಿಸಿದ್ದರು. ಉಪನಗರ ವಿಲೇಪಾರ್ಲೆಯಲ್ಲಿ ಜಮನಾಲಾಲ್ ಬಜಾಜರ ನೇತೃತ್ವದ ಸತ್ಯಾಗ್ರಹ ಶಿಬಿರ ನಡೆಯುತ್ತಿತ್ತು.

ಆ ಉಪ್ಪನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿಕೊಂಡು ಕಮಲಾದೇವಿ ಮಾರಾಟಕ್ಕೆ ಹೊರಟರು. ಬೀದಿ ಬದಿಯಲ್ಲಿ ಮಾರಿದ್ದರೆ ಅದು ಸಾಮಾನ್ಯ ಸುದ್ದಿಯಾಗುತ್ತಿತ್ತು. ಅವರು ಆರಿಸಿಕೊಂಡದ್ದು ಷೇರುಪೇಟೆಯನ್ನು. ಜಗತ್ತಿನ ಷೇರುಪೇಟೆಗಳೆಲ್ಲ ತತ್ತರಿಸುತ್ತಿದ್ದ ಆ ದಿನಗಳಲ್ಲಿ, ಗಂಡಸರೇ ತುಂಬಿದ್ದ ದಲಾಲರ ಕೋಣೆಗೆ ಸೀರೆಯುಟ್ಟ ತರುಣಿಯೊಬ್ಬಳು ನುಗ್ಗಿ ನಿಷಿದ್ಧ ಸರಕನ್ನು ಹರಾಜು ಕೂಗಿದ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ದಲಾಲರು ಪೈಪೋಟಿಯಿಂದ ಕೊಂಡರು. ಲಾಭನಷ್ಟಗಳ ಲೆಕ್ಕದಲ್ಲಿ ಅಂದು ಅವರು ಮಾಡಿದ್ದು ಶುದ್ಧ ನಷ್ಟದ ವ್ಯವಹಾರ! ಅಲ್ಲಿಗೇ ನಿಲ್ಲದೆ ಕಮಲಾದೇವಿ ಹೈಕೋರ್ಟಿನತ್ತ ನಡೆದು, ಅಲ್ಲಿ ಎದುರಾದ ಮ್ಯಾಜಿಸ್ಟ್ರೇಟರನ್ನೇ ಸ್ವಾತಂತ್ರ್ಯದ ಉಪ್ಪು ಕೊಳ್ಳುವಿರಾ ಎಂದು ವಿಚಾರಿಸಿದರು. ಶಿಕ್ಷೆ ಕೊಡುವವನ ಕೈಗೇ ಅಪರಾಧದ ವಸ್ತುವನ್ನು ಚಾಚುವ ಈ ಧೈರ್ಯದಲ್ಲಿ ತುಂಟತನವೂ ಇತ್ತೆಂದು ನನಗೆ ಅನಿಸುತ್ತದೆ.

ಬಂಧನ ನಿರೀಕ್ಷಿತವೇ ಆಗಿತ್ತು. ಆ ವರ್ಷದ ಉಳಿದ ಬಹುಭಾಗವನ್ನು ಅವರು ಸೆರೆಮನೆಯಲ್ಲಿ ಕಳೆದರು. ಹೊರಗೆ ಎಳೆಯ ಮಗ ರಾಮಕೃಷ್ಣ; ಕಾವ್ಯ ನಾಟಕಗಳ ಲೋಕದಲ್ಲಿ ಮೈಮರೆತ ಪತಿ. ಹೋರಾಟದ ಚರಿತ್ರೆ ಬರೆಯುವವರು ಜೈಲುವಾಸದ ತಿಂಗಳುಗಳನ್ನು ಎಣಿಸುತ್ತಾರೆ, ತಾಯಿಯಿಲ್ಲದೆ ಮಗು ಕಳೆದ ತಿಂಗಳುಗಳನ್ನು ಎಣಿಸುವುದಿಲ್ಲ. ಆ ದಾಂಪತ್ಯವೂ ಮುಂದೆ ಹೆಚ್ಚು ಕಾಲ ಬಾಳಲಿಲ್ಲ, ವಿಚ್ಛೇದನದಲ್ಲಿ ಕೊನೆಗೊಂಡಿತು.

ಹೊರಗಿನ ಹೋರಾಟವಂತೂ ನಿಲ್ಲಲಿಲ್ಲ. ಎಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಮಂಗಳೂರಿನಲ್ಲಿ ಕಾರ್ನಾಡ್ ಸದಾಶಿವರಾಯರು ಸತ್ಯಾಗ್ರಹ ನಡೆಸಿದರು. ಅದೇ ತಿಂಗಳು ಚಿತ್ತಗಾಂಗಿನಲ್ಲಿ ಶಸ್ತ್ರಾಗಾರದ ಮೇಲೆ ದಾಳಿ, ಪೇಶಾವರದಲ್ಲಿ ಗೋಲಿಬಾರ್. ಮೇ ತಿಂಗಳ ಆರಂಭದಲ್ಲಿ ಗಾಂಧೀಜಿಯವರ ಬಂಧನವಾಗುತ್ತಲೇ ಕನ್ನಡಿಗರು ಬಹಳವಾಗಿರುವ ಸೊಲ್ಲಾಪುರ ಸಿಡಿದೆದ್ದಿತು, ಅಲ್ಲಿ ಸೇನಾಡಳಿತವೇ ಜಾರಿಯಾಯಿತು. ಮಲ್ಲಪ್ಪ ಧನಶೆಟ್ಟಿ ಮತ್ತು ಸಂಗಡಿಗರು ಮೂವರನ್ನು 1931ರ ಜನವರಿ 12ರಂದು ಯೆರವಡೆಯಲ್ಲಿ ಗಲ್ಲಿಗೇರಿಸಲಾಯಿತು. ಮೇ 21ರಂದು ಧರಾಸನದಲ್ಲಿ ಸತ್ಯಾಗ್ರಹಿಗಳ ತಲೆಗಳ ಮೇಲೆ ಲಾಠಿಗಳು ಬಿದ್ದಾಗ ಮುಂದಾಳಾಗಿದ್ದವರು ಕಮಲಾದೇವಿಯವರ ನಾದಿನಿ ಸರೋಜಿನಿ ನಾಯ್ಡು. ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಬರೆದ ವರದಿಯಿಂದ ಆ ರಕ್ತಪಾತ ಜಗತ್ತಿಗೆಲ್ಲ ತಿಳಿಯಿತು.

ಮುಂಬಯಿಯಲ್ಲಿ ವಡಾಲದ ಉಪ್ಪಿನ ಆಗರಗಳ ಮೇಲೆ ದಾಳಿಗಳು ನಡೆದವು. ಜೂನ್ 1ರ ದಾಳಿಯಲ್ಲಿ ಸುಮಾರು 15,000 ಮಂದಿ ಭಾಗವಹಿಸಿದ್ದರೆಂದು ಕಾಂಗ್ರೆಸ್ಸಿನ ಚರಿತ್ರೆ ಹೇಳುತ್ತದೆ. ವಡಾಲ ಎಂದರೆ ನಮ್ಮವರಿಗೆ ಎನ್.ಕೆ.ಇ.ಎಸ್. ಕನ್ನಡ ಶಾಲೆ ನೆನಪಾಗುತ್ತದೆ. ಆ ನೆಲದಲ್ಲಿ ಹೆಂಗಸರು ಮಕ್ಕಳೆನ್ನದೆ ಜನ ಕೆಸರಿನಲ್ಲಿ ಓಡಿ ಸೆರಗಿನ ತುಂಬ ಉಪ್ಪು ತಂದಿದ್ದರೆಂಬುದನ್ನು ಅಲ್ಲಿ ಓದುವ ಮಕ್ಕಳಿಗೂ ತಿಳಿಸಬೇಕು. ಡಿಸೆಂಬರ್ 12ರಂದು ಕಾಲಬಾದೇವಿಯಲ್ಲಿ ವಿದೇಶೀ ಬಟ್ಟೆ ಹೊತ್ತ ಲಾರಿಯನ್ನು ತಡೆಯಲು ಹೋದ ಗಿರಣಿ ಕಾರ್ಮಿಕ ಬಾಬು ಗೇನು ಅದರಡಿಗೆ ಸಿಲುಕಿ ಪ್ರಾಣಬಿಟ್ಟರು. ಅತ್ತ ಲಂಡನ್ನಿನಲ್ಲಿ ಆಗ ಮೊದಲನೆಯ ದುಂಡುಮೇಜಿನ ಪರಿಷತ್ತು, ಕಾಂಗ್ರೆಸ್ಸಿನವರಿಲ್ಲದೆಯೇ, ನಡೆದಿತ್ತು.

1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಿಂದ ಸತ್ಯಾಗ್ರಹಿ ಕೈದಿಗಳ ಬಿಡುಗಡೆಯಾಯಿತು. ಉಪ್ಪಿನ ಕಾನೂನು ಮಾತ್ರ ಉಳಿಯಿತು. ಕಡಲತೀರದ ಹಳ್ಳಿಗರು ತಮ್ಮ ಬಳಕೆಗೆ ಉಪ್ಪು ಮಾಡಿಕೊಳ್ಳಬಹುದೆಂಬ ರಿಯಾಯಿತಿ ಸಿಕ್ಕಿತು, ಅಷ್ಟೇ. ತೆರಿಗೆ ರದ್ದಾದದ್ದು 1947ರಲ್ಲಿ. ಕನ್ನಡ ಚಿತ್ರರಂಗದ ಮೊದಲ ಮೂಕಿ ಚಿತ್ರವೆನ್ನಲಾಗುವ, ಕಮಲಾದೇವಿಯವರೂ ನಟಿಸಿದ್ದ ‘ಮೃಚ್ಛಕಟಿಕ’ ತೆರೆಕಂಡದ್ದೂ 1931ರಲ್ಲೇ. ಮರ್ಯಾದಸ್ಥ ಮನೆತನದ ಹೆಣ್ಣು ಚಿತ್ರದಲ್ಲಿ ಮುಖ ತೋರಿಸಿದಳೆಂಬುದು ಆ ಕಾಲಕ್ಕೆ ಜೈಲಿಗಿಂತಲೂ ದೊಡ್ಡ ಅಪವಾದವಾಗಿತ್ತು.

ಮುಂದಿನ ಐದು ದಶಕಗಳ ಅವರ ಕಾರ್ಯ ಸರ್ವವಿದಿತ. ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ, ದೇಶವಿಭಜನೆಯ ನಿರಾಶ್ರಿತರಿಗಾಗಿ ಸಹಕಾರಿ ತತ್ತ್ವದ ಮೇಲೆ ಫರೀದಾಬಾದ್ ನಿರ್ಮಾಣದ ಶ್ರಮ, 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಸಾರಥ್ಯ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. ಸ್ವತಂತ್ರ ಭಾರತದಲ್ಲಿ ಅವರು ಅಧಿಕಾರ ರಾಜಕಾರಣವನ್ನು ಬಯಸಲಿಲ್ಲ. ನೇಕಾರ, ಕುಂಬಾರ, ಬಡಗಿಗಳ ಮನೆಬಾಗಿಲಿಗೆ ಹೋದರು. 1986ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ, 1988ರ ಅಕ್ಟೋಬರ್ 29ರಂದು, 85ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದದ್ದು ಮುಂಬಯಿಯಲ್ಲೇ.